ಒಂದು ಸೀಟಿ, ಎರಡು ಸೀಟಿ

ನಮ್ಮನೆಯವರು ಮೂವತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದಾರೆ, ಆದರೆ ಎಲ್ಲಿಗೂ ತಲುಪಿಲ್ಲ. ಇದು ನಾನು ಚುಚ್ಚಲು ಹೇಳುತ್ತಿರುವ ಮಾತಲ್ಲ. ಚುಚ್ಚಬೇಕಾದರೆ ನನ್ನ ಹತ್ತಿರ ಬೇರೆ ಮಾತುಗಳು ಬೇಕಾದಷ್ಟಿವೆ. ಇದು ಅವರದೇ ಮಾತು. ಡಿಪೋದಿಂದ ಹೊರಟು ಕೊನೆಯ ಸ್ಟಾಪಿಗೆ ಹೋಗುತ್ತಾರೆ. ಅಲ್ಲಿ ಕಂಡಕ್ಟರು "ಲಾಸ್ಟ್ ಸ್ಟಾಪ್, ಎಲ್ಲರೂ ಇಳೀರಿ" ಎಂದು ಕೂಗುತ್ತಾರೆ, ಜನ ಇಳಿದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇವರು ಮಾತ್ರ ಬಸ್ಸಿನ ಮುಂದಿನ ಬೋರ್ಡು ತಿರುಗಿಸಿ, ಸ್ಟ್ಯಾಂಡಿನಲ್ಲಿ ಒಂದು ಸುತ್ತು ಹೊಡೆದು, ಬಂದ ದಾರಿಯಲ್ಲೇ ವಾಪಸು. ಸಂಜೆ ಮನೆಗೆ ಬಂದಾಗ "ಇವತ್ತು ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದರೆ, "ಎಲ್ಲಿಗೂ ಇಲ್ಲ, ಸ್ಟಿಯರಿಂಗ್ ಹಿಂದೇನೇ ಇದ್ದೆ" ಎನ್ನುತ್ತಾರೆ.

ನನ್ನದು ಹೊಲಿಗೆಯ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೆಷೀನು ಹಾಕಿಕೊಂಡು ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಕಾಲರ್ ಕೂರಿಸಿ, ಗುಂಡಿ ಹಾಕಿ, ಇಸ್ತ್ರಿ ಮಾಡಿ ಮಡಿಸಿಟ್ಟರೆ ಅಂಗಿ ಮುಗಿಯಿತು. ಮುಗಿದದ್ದನ್ನು ಕೈಯಲ್ಲಿ ಹಿಡಿದು ನೋಡಬಹುದು, ಮೂಲೆಯಲ್ಲಿ ನೂಲು ಎದ್ದಿದ್ದರೆ ಕತ್ತರಿಸಬಹುದು. ಹಾಗಾಗಿ ಎಂದೂ ಮುಗಿಯದ ಕೆಲಸದ ಸಂಕಟ ಏನು ಎಂಬುದು ನನಗೆ ಬಹಳ ಕಾಲ ತಲೆಗೇ ಹೋಗಿರಲಿಲ್ಲ.

ಇವರಿಗೆ ಓಟದ ಹುಚ್ಚು ಶುರುವಾದದ್ದು ಒಂದು ಭಾನುವಾರ. ಊರಿನಲ್ಲಿ ದೊಡ್ಡ ಓಟವಿತ್ತು, ಪೊಲೀಸರು ರಸ್ತೆ ಮುಚ್ಚಿದ್ದರು. ಇವರ ಬಸ್ಸು ಸರಿಯಾಗಿ ಓಟ ಮುಗಿಯುವ ಜಾಗದ ಪಕ್ಕದಲ್ಲೇ ಸಿಕ್ಕಿಹಾಕಿಕೊಂಡಿತು. ರಸ್ತೆಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ಓಡಿಬಂದವರು ಗೆರೆ ದಾಟಿದ ಕೂಡಲೇ ಒಬ್ಬ ಹೆಂಗಸು ಒಬ್ಬೊಬ್ಬರ ಭುಜ ಹಿಡಿದು, "ಸಾಕು, ಬಂದ್ರಿ, ಇನ್ನು ನಿಂತ್ಕೊಳ್ಳಿ" ಎನ್ನುತ್ತಿದ್ದಳಂತೆ. ಇವರು ಎತ್ತರದ ಸೀಟಿನಿಂದ ಅದನ್ನೇ ನೋಡುತ್ತ ಕೂತುಬಿಟ್ಟರು. ರಸ್ತೆ ತೆರೆಯಿತು, ಕಂಡಕ್ಟರು ಎರಡು ಸೀಟಿ ಹೊಡೆದರು. ಇವರು ಅಲ್ಲಾಡಲಿಲ್ಲ. ಮತ್ತೆ ಎರಡು ಸೀಟಿ. ಕೊನೆಗೆ ಹಿಂದಿನ ಸೀಟಿನವರು ಬಸ್ಸಿನ ಮೈ ಬಡಿದ ಮೇಲೆ ಇವರಿಗೆ ಎಚ್ಚರವಾಯಿತು.

ಆ ಕಂಡಕ್ಟರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚುಕಮ್ಮಿ ನೌಕರಿಯುದ್ದಕ್ಕೂ ಇವರ ಬೆನ್ನ ಹಿಂದೆ ನಿಂತ ಮನುಷ್ಯ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ನಮ್ಮ ಮಗಳು ಚಿಕ್ಕವಳಿದ್ದಾಗ 'ಸೀಟಿ ಮಾಮ' ಎಂದು ಹೆಸರಿಟ್ಟಳು, ಈಗ ಡಿಪೋದಲ್ಲೂ ಅದೇ ಹೆಸರು. ಒಂದು ಸೀಟಿ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಅವರಿಬ್ಬರ ನಡುವೆ ಮಾತಿಗಿಂತ ಸೀಟಿಯೇ ಹೆಚ್ಚು ನಡೆದಿದೆ. ನಮ್ಮಿಬ್ಬರ ನಡುವೆ ನಡೆದ ಮಾತಿಗಿಂತಲೂ ಹೆಚ್ಚು ಎಂದು ನಾನು ಆಗಾಗ ಹೊಟ್ಟೆ ಉರಿದುಕೊಂಡಿದ್ದೇನೆ.

ಆ ಸಂಜೆ ಇವರು ಊಟಕ್ಕೆ ಕೂತು ತಟ್ಟೆ ನೋಡುತ್ತ, "ನಾನೂ ಒಂದ್ಸಲ ಹಾಗೆ ತಲುಪಬೇಕು" ಎಂದರು.

"ಎಲ್ಲಿಗೆ?"

"ಎಲ್ಲಿಗಾದ್ರೂ. ತಲುಪಿದ್ ಮೇಲೆ ಯಾರಾದ್ರೂ ಸಾಕು ಅನ್ಬೇಕು. ವಾಪಸ್ ಹೋಗು ಅನ್ಬಾರ್ದು."

"ಮೊದ್ಲು ನಮ್ಮ ಮೂರನೇ ಮಹಡಿಗೆ ತಲುಪಿ, ನಡುವೆ ಎಲ್ಲೂ ಕೂರದೆ. ನಾನೇ ಸಾಕು ಅಂತೀನಿ," ಎಂದೆ. ನನ್ನ ಬಾಯಿ ಅಂಥದ್ದು. ಆದರೆ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಗ ಇವರ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಇವರಿಗೆ ಹಾರನ್ ಹೊಡೆಯಲು ಕೈಯೇ ಬೇಡ, ಉಸಿರು ತೆಗೆದುಕೊಂಡರೆ ಸಾಕು ಎಂದು ಸೀಟಿ ಮಾಮ ನಗುತ್ತಿದ್ದರು.

ಒಂದು ವಾರದಲ್ಲಿ ಹುಚ್ಚು ಇಳಿಯುತ್ತದೆ ಎಂದುಕೊಂಡೆ. ಮೊದಲ ದಿನ ಬೀದಿಯ ತಿರುವಿನವರೆಗೆ ಓಡಿ, ಮುಖ ಬಿಳುಚಿಕೊಂಡು, ಗೋಡೆ ಹಿಡಿದುಕೊಂಡು ವಾಪಸು ಬಂದರು. ಮರುದಿನ ತಿರುವು ದಾಟಿ ಔಷಧಿ ಅಂಗಡಿ. ಆಮೇಲೆ ಸೇತುವೆ. ಯೂನಿಫಾರ್ಮಿನ ಬಟ್ಟೆ ಮಿಕ್ಕಿತ್ತು, ಅದರಲ್ಲೇ ಒಂದು ನೀಲಿ ಚಡ್ಡಿ ಹೊಲಿದುಕೊಟ್ಟೆ. ಅದನ್ನು ಹಾಕಿಕೊಂಡು ಬಾಗಿಲಲ್ಲಿ ನಿಂತ ಅಪ್ಪನನ್ನು ಮಗಳು ಮೇಲಿಂದ ಕೆಳಗೆ ನೋಡಿ, "ಹೋಮ್‌ವರ್ಕ್ ಆಯ್ತಾ?" ಎಂದು ಕೇಳಿದಳು. ಇವರೂ ನಕ್ಕರು. ಆದರೆ ಓಡುವುದನ್ನು ಬಿಡಲಿಲ್ಲ. ಸಿಗರೇಟು ಬಿಟ್ಟರು. ರಾತ್ರಿ ಊಟ ಅರ್ಧ ಮಾಡಿದರು. ಚಳಿಯಲ್ಲಿ ಓಡಿದರು, ಬಿಸಿಲಲ್ಲಿ ಓಡಿದರು, ಜ್ವರ ಬಿಟ್ಟ ಮರುದಿನ ನನ್ನ ಕಣ್ಣು ತಪ್ಪಿಸಿ ಓಡಿದರು. ಬೆಲ್ಟಿಗೆ ನಾನು ಹೊಸ ತೂತು ಹಾಕಿಕೊಡುತ್ತ ಹೋದೆ.

ಒಂದೇ ಒಂದು ತೊಂದರೆ ಉಳಿಯಿತು. ಒಮ್ಮೆ ಹೇಗೆ ಓಡುತ್ತಾರೋ ನೋಡೋಣ ಎಂದು ಮಗಳ ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ಚೆನ್ನಾಗಿಯೇ ಓಡುತ್ತಿದ್ದರು. ಬಸ್ ಸ್ಟಾಪ್ ಬಂದಕೂಡಲೇ ಮೆಲ್ಲಗೆ ರಸ್ತೆಯ ಅಂಚಿಗೆ ಸರಿದು, ನಿಧಾನ ಮಾಡಿ, ನಿಂತವರ ಮುಖ ನೋಡಿ, ಮತ್ತೆ ಹೊರಟರು. ಮುಂದಿನ ಸ್ಟಾಪಿನಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ. ನಾನು ಮೊದಲು ಸುಸ್ತು ಎಂದುಕೊಂಡೆ. ಆಮೇಲೆ ರೇಗಿತು.

"ಯಾಕೆ ನಿಲ್ಲಿಸಿದ್ರಿ?"

"ನಾನೆಲ್ಲಿ ನಿಲ್ಲಿಸ್ದೆ? ಸ್ಟಾಪ್ ಬಂತು."

"ಸ್ಟಾಪ್ ಬಂದ್ರೆ? ನಿಮ್ಮ ಹೆಗಲ ಮೇಲೆ ಯಾರು ಹತ್ತಬೇಕಿತ್ತು?"

ಅವರಿಗೆ ತಾವು ನಿಧಾನ ಮಾಡಿದ್ದೇ ಗೊತ್ತಿರಲಿಲ್ಲ. ಕಾಲು ತಾನಾಗಿ ಮಾಡುತ್ತಿತ್ತು. ಬೈದರೂ ಹೋಗಲಿಲ್ಲ, ಬೇರೆ ಬೀದಿ ಹಿಡಿದರೂ ಹೋಗಲಿಲ್ಲ, ಅಲ್ಲೂ ಸ್ಟಾಪುಗಳಿದ್ದವು. ಕೊನೆಗೆ ನಾನೇ ಸೀಟಿ ಮಾಮನ ಮನೆಗೆ ಹೋದೆ. ಅಷ್ಟರಲ್ಲಿ ಅವರು ರಿಟೈರ್ ಆಗಿ, ಮನೆಯಲ್ಲಿ ಸೊಸೆಗೆ ಅಡ್ಡಾಡಲು ಜಾಗ ಬಿಡದೆ ಕೂತಿದ್ದರು. ವಿಷಯ ಕೇಳಿ, ಗೋಡೆಯ ಮೊಳೆಯಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. ಮರುದಿನದಿಂದ ಹಳೆಯ ಸೈಕಲ್ಲು ಏರಿ ಇವರ ಹಿಂದೆ. ಸ್ಟಾಪ್ ಹತ್ತಿರ ಬಂದು ಇವರ ಕಾಲು ಅಂಚಿಗೆ ಎಳೆದ ಕೂಡಲೇ ಎರಡು ಸೀಟಿ. ಇವರು ಅಷ್ಟಕ್ಕೇ ಚುರುಕಾಗಿ ನಡುರಸ್ತೆಗೆ ಬಂದು ಓಡುತ್ತಿದ್ದರು. ನಾನು ವರ್ಷಾನುಗಟ್ಟಲೆ ಕೂಗಿದರೂ ಕೇಳದ ಕಿವಿ ಅದು. ಕೆಲವು ತಿಂಗಳಲ್ಲಿ ಇಡೀ ಬಡಾವಣೆಗೆ ಇವರಿಬ್ಬರ ಪರಿಚಯವಾಗಿ, ಕಿಟಕಿಗಳಿಂದ ಜನ "ರೈಟ್, ರೈಟ್" ಎನ್ನತೊಡಗಿದರು.

ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟರು. ಮಂಡಿ ನೋಡಿದ ಡಾಕ್ಟರು, "ಈ ಒಂದ್ಸಲ ಓಡಿ. ಆಮೇಲೆ ಓಟ ಬೇಡ, ನಡೆದ್ರೆ ಸಾಕು" ಎಂದು ಮೊದಲೇ ಹೇಳಿಬಿಟ್ಟಿದ್ದರು. ಆದ್ದರಿಂದ ಇವರಿಗೆ ಇದ್ದದ್ದು ಈ ಒಂದೇ ಓಟ. ಎದೆಗೆ ಹಚ್ಚುವ ನಂಬರು ಮನೆಗೆ ಬಂತು, ಜೊತೆಗೆ ನಾಲ್ಕು ಪಿನ್ನು. ಪಿನ್ನಿನ ಮೇಲೆ ನನಗೆ ನಂಬಿಕೆಯಿಲ್ಲ. ಅಂಗಿಯ ಮೇಲೆ ನಂಬರಿಟ್ಟು ಸುತ್ತಲೂ ಎರಡೆರಡು ಹೊಲಿಗೆ ಹಾಕಿದೆ. ಹಾಕಿ, ಯಾರೂ ಇಲ್ಲದಾಗ ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದೆ. ಆ ಮನುಷ್ಯನಿಗೆ ನನ್ನ ಹೆಮ್ಮೆ ಗೊತ್ತಾದರೆ ತಲೆಯ ಮೇಲೆ ಕೂರುತ್ತಾರೆ ಎಂದು ಮಡಿಸಿಟ್ಟೆ.

ಓಟಕ್ಕೆ ಎರಡು ದಿನವಿರುವಾಗ, ಶುಕ್ರವಾರ, ದೊಡ್ಡ ರಸ್ತೆಯ ಕೆಳಗಿನ ನೀರಿನ ಪೈಪು ಒಡೆಯಿತು. ರಸ್ತೆ ಕುಸಿದು, ಒಂದು ಕಾರು ಆರಾಮಾಗಿ ಕೂರುವಷ್ಟು ಗುಂಡಿಯಾಯಿತು. ಓಟದ ದಾರಿ ಅದೇ. ಪೊಲೀಸರು ಅನುಮತಿ ವಾಪಸು ತೆಗೆದುಕೊಂಡರು. ಸಂಜೆ ಮಗಳ ಫೋನಿಗೆ ಸಂದೇಶ ಬಂತು: ಅನಿವಾರ್ಯ ಕಾರಣಗಳಿಂದ ಭಾನುವಾರದ ಓಟ ರದ್ದು. ಮಗಳು ಎರಡು ಸಲ ಓದಿ, ಫೋನನ್ನು ನನ್ನ ಮೆಷೀನಿನ ಮೇಲಿಟ್ಟಳು.

ಇವರು ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ ಹೇಳಿದೆ. "ಹೌದಾ?" ಎಂದರು. ಊಟ ಮಾಡಿದರು. ಊಟವಾದ ಮೇಲೆ ಬಾಗಿಲ ಬಳಿಯಿದ್ದ ಓಡುವ ಬೂಟುಗಳನ್ನು ಎತ್ತಿ, ಕಾಗದ ಸುತ್ತಿ, ಬೀರುವಿನ ಮೇಲೆ ಸೂಟ್‌ಕೇಸಿನ ಹಿಂದೆ ಇಟ್ಟರು. ಅಷ್ಟೇ.

ನನಗೆ ತಡೆಯಲಾಗಲಿಲ್ಲ. ಓಟದ ಆಫೀಸಿಗೆ ಫೋನು ಹಚ್ಚಿದೆ. ಒಂದು ಹುಡುಗಿ ಬಹಳ ಮೃದುವಾಗಿ, "ಮುಂದಿನ ವರ್ಷ ಖಂಡಿತ ಬನ್ನಿ ಮೇಡಂ" ಎಂದಳು. ಮುಂದಿನ ವರ್ಷಕ್ಕೆ ಮಂಡಿ ನಿಮ್ಮಪ್ಪ ಕೊಡ್ತಾರಾ ಎಂದು ಕೇಳಿದೆ. ಇನ್ನೂ ಏನೇನೋ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಪಾಪ, ಫೋನ್ ಇಡದೆ ಎಲ್ಲವನ್ನೂ ಕೇಳಿಸಿಕೊಂಡಳು. ಪೈಪು ಒಡೆದದ್ದು ಅವಳಲ್ಲವಲ್ಲ.

ಶನಿವಾರ ಇವರಿಗೆ ರಜೆ. ಭಾನುವಾರವೂ ರಜೆ, ಓಟಕ್ಕೆಂದೇ ಮೊದಲೇ ಹಾಕಿಸಿಕೊಂಡದ್ದು. ಮನೆಯಲ್ಲಿ ಸುಮ್ಮನೆ ಕೂತರು. ಜಗಳವಾಡಿದ್ದರೆ, ಪಾತ್ರೆ ಎಸೆದಿದ್ದರೆ ನನಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಇವರು ನನ್ನ ಜೊತೆ ಮರ್ಯಾದೆಯಿಂದ ಮಾತಾಡತೊಡಗಿದರು. ಚಹಾ ಕೊಟ್ಟರೆ "ಥ್ಯಾಂಕ್ಸ್" ಎಂದರು. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದೆ. "ಬೇಜಾರು ಮಾಡ್ಕೋಬೇಡಪ್ಪ, ಬರೀ ಒಂದು ಓಟ ತಾನೆ" ಎಂದಳು ಮಗಳು. "ಹೌದಮ್ಮ, ಬರೀ ಓಟ" ಎಂದರು.

ಮಧ್ಯಾಹ್ನ ನಾನು ಅಡುಗೆಮನೆಯಿಂದ ಬಂದು ನೋಡಿದರೆ, ನನ್ನ ಸ್ಟೂಲಿನ ಮೇಲೆ ಕೂತು, ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು, ಅಂಗಿಯಿಂದ ನಂಬರು ಬಿಡಿಸುತ್ತಿದ್ದರು. ಒಂದು ಬದಿ ಆಗಲೇ ಬಿಚ್ಚಿಯಾಗಿತ್ತು.

"ನನ್ನ ಹೊಲಿಗೆ ಬಿಚ್ಚೋಕೆ ನಿಮಗ್ಯಾರು ಹೇಳಿದ್ರು?"

"ಓಟಾನೇ ಇಲ್ಲ. ನಂಬರ್ ಇಟ್ಕೊಂಡು ಏನ್ಮಾಡ್ಲಿ?"

"ಓಡಿ."

"ಎಲ್ಲಿಗೆ?"

"ನಿಮ್ಮ ರೂಟೇ ಇದೆಯಲ್ಲ. ಡಿಪೋದಿಂದ ಲಾಸ್ಟ್ ಸ್ಟಾಪ್‌ಗೆ. ಅದೂ ಇಪ್ಪತ್ತೊಂದರ ಆಸುಪಾಸೇ. ಅಲ್ಲಿ ಯಾವ ಪೈಪೂ ಒಡೆದಿಲ್ಲ."

ಅವರು ಕೊಕ್ಕೆ ಕೆಳಗಿಟ್ಟರು. "ಓಡಬಹುದು. ಓಡೋದೇನು ದೊಡ್ಡದಲ್ಲ. ಆದ್ರೆ ಅಲ್ಲಿ ಹೋಗಿ ನಿಂತ್ರೆ, ನಾನೇ ನಿಂತ ಹಾಗಾಯ್ತು. ಯಾರೂ ಸಾಕು ಅಂದ ಹಾಗಾಗಲ್ಲ. ಅದು ಬೋರ್ಡ್ ತಿರುಗಿಸೋ ಜಾಗ. ದಿನಾ ಹೋಗಿ ಬರೋ ಜಾಗ. ಅಲ್ಲಿ ತಲುಪೋದು ಅಂತ ಇಲ್ಲ."

ಮುಗಿದ ಅಂಗಿಗಳ ಕಟ್ಟು ನನ್ನ ಪಕ್ಕದಲ್ಲೇ ಇತ್ತು, ದಿನಕ್ಕೊಂದಿಷ್ಟು ಮುಗಿಸಿ ಮುಗಿಸಿ ಇಡುತ್ತೇನೆ. ಈ ಮನುಷ್ಯ ಮೂವತ್ತು ವರ್ಷದಲ್ಲಿ ಒಂದನ್ನೂ ಮುಗಿಸಿ ಇಟ್ಟಿಲ್ಲ ಎಂಬುದು ಆಗ ನನಗೆ ನಿಜವಾಗಿ ಅರ್ಥವಾಯಿತು. ಅಳು ಬಂತು, ಅದನ್ನು ಸಿಟ್ಟು ಮಾಡಿಕೊಂಡೆ.

"ನಿಲ್ಲಿಸೋದು ನನಗೆ ಬಿಡಿ," ಎಂದೆ. "ನೀವು ಓಡಿ."

ಹೇಗೆ ನಿಲ್ಲಿಸುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ. ಬಿಚ್ಚಿದ ಬದಿಯನ್ನು ಮತ್ತೆ ಹೊಲಿದೆ, ಈ ಸಲ ಮೂರು ಹೊಲಿಗೆ.

ಭಾನುವಾರ ಬೆಳಕು ಹರಿಯುವಾಗ ಇವರು ಡಿಪೋ ಗೇಟಿನಿಂದ ಹೊರಟರು, ಹಿಂದೆ ಸೈಕಲ್ಲಿನಲ್ಲಿ ಸೀಟಿ ಮಾಮ. ಮಗಳು ನನ್ನನ್ನು ಸ್ಕೂಟರಿನಲ್ಲಿ ಕೊನೆಯ ಸ್ಟಾಪಿಗೆ ಕರೆದೊಯ್ದಳು. ದೊಡ್ಡ ಜಾಗವೇನಲ್ಲ. ಬಸ್ಸು ತಿರುಗಲು ಒಂದು ಗುಂಡಗಿನ ಅಂಗಳ, ಎಣ್ಣೆ ಸುರಿದು ಕಪ್ಪಾದ ಟಾರು, ಚಹಾದ ಗೂಡಂಗಡಿ, ಡ್ರೈವರುಗಳು ಕೂರುವ ಒಂದು ಬೆಂಚು. ನಾನು ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಬಗ್ಗಿ, ಅಂಗಳದ ಬಾಯಿಗೆ ಅಡ್ಡಲಾಗಿ ಗೆರೆ ಎಳೆದೆ. ತಂದ ಸುಣ್ಣವೆಲ್ಲ ಸವೆದುಹೋಯಿತು. ಬೆಂಚಿನ ಮೇಲಿದ್ದ ಡ್ರೈವರುಗಳು ಮೊದಲು ನಕ್ಕರು. ಯಾರಿಗೆ ಎಂದು ಮಗಳು ಹೇಳಿದ ಮೇಲೆ ಎದ್ದು ನಿಂತರು.

ಬಿಸಿಲೇರಿತು. ಬರಬೇಕಾದ ಹೊತ್ತು ಬಂದು, ಹೋಗಿಯೂ ಆಯಿತು. ಇವರ ಸುಳಿವಿಲ್ಲ. ಅಷ್ಟರಲ್ಲಿ ಇವರದೇ ರೂಟಿನ ಬಸ್ಸು ಬಂದು, ನನ್ನ ಗೆರೆಯ ಮೇಲೆಯೇ ಹತ್ತಿ, ಸುತ್ತು ಹೊಡೆದು ನಿಂತಿತು. ನೋಡಿದರೆ ಗೆರೆಯಲ್ಲಿ ಅಲ್ಲಲ್ಲಿ ಬಿಳಿ ಧೂಳಷ್ಟೇ ಉಳಿದಿದೆ. ಆ ಡ್ರೈವರನಿಗೆ ಒಂದಿಷ್ಟು ಹೇಳೋಣ ಎಂದು ಹೊರಟೆ. ಬಸ್ಸಿನಿಂದ ದಪ್ಪ ಕನ್ನಡಕದ ಒಬ್ಬಳು ಅಜ್ಜಿ ತಡವರಿಸುತ್ತ ಇಳಿಯುತ್ತಿದ್ದಳು, ಇವರ ಬಸ್ಸಿಗೆ ಕಾಯಂ ಬರುವವಳು. ಇಳಿದು ಯಾರಿಗೆಂದಿಲ್ಲದೆ ದೂರು ಹೇಳತೊಡಗಿದಳು.

"ನಮ್ಮ ಡ್ರೈವರಪ್ಪ ಇವತ್ತು ಎಂಥಾ ಬಸ್ ತಂದಿದ್ದ? ಬಾಗಿಲೇ ಇಲ್ಲ."

ಆಮೇಲೆ ಸೀಟಿ ಮಾಮ ಹೇಳಿದ್ದನ್ನೂ ಸೇರಿಸಿದರೆ ವಿಷಯ ಹೀಗೆ. ಇವರು ಅಲ್ಲಿಯವರೆಗೆ ಒಂದು ಸ್ಟಾಪಿನಲ್ಲೂ ನಿಧಾನ ಮಾಡದೆ ಓಡಿ ಬಂದಿದ್ದರು. ಆಸ್ಪತ್ರೆ ಸ್ಟಾಪಿನಲ್ಲಿ ಈ ಅಜ್ಜಿ ನಿಂತಿದ್ದಳು. ಅವಳಿಗೆ ಕಣ್ಣು ಮಂಜು. ದೂರದಿಂದ ಪರಿಚಯದ ಸೀಟಿ ಕೇಳಿ, ಬಸ್ಸಿನ ಬಣ್ಣದ ಹಾಗೆ ನೀಲಿಯದೇನೋ ಬರುವುದು ಕಂಡು, ಕೈ ಅಡ್ಡ ಹಾಕಿದಳು. ಇವರು ನಿಂತರು. ಸೀಟಿ ಮಾಮ ಎರಡು ಸೀಟಿ ಹೊಡೆದರು, ಮತ್ತೆ ಎರಡು. ಇವರು ಕದಲಲಿಲ್ಲ.

"ಕೈ ತೋರಿಸಿದ್ದಾರಲ್ಲ," ಎಂದರಂತೆ.

ಅಜ್ಜಿ ಹತ್ತಿರ ಬಂದು ಇವರ ತೋಳನ್ನೇ ಕಂಬಿ ಎಂದು ಹಿಡಿದು, ಹತ್ತಲು ಕಾಲೆತ್ತಿದಳಂತೆ. ಹಿಂದಿನಿಂದ ನಿಜವಾದ ಬಸ್ಸು ಬರುವವರೆಗೆ ಇವರು ಅವಳ ಜೊತೆ ಬಿಸಿಲಲ್ಲಿ ನಿಂತು, ಅವಳನ್ನು ಎತ್ತಿ ಹತ್ತಿಸಿ, ಆಮೇಲೆ ಹೊರಟರು. ಓಡುತ್ತಿದ್ದ ಮೈ ಹಾಗೆ ಮಧ್ಯದಲ್ಲಿ ನಿಂತರೆ ಮಂಡಿ ಹಿಡಿದುಕೊಳ್ಳುತ್ತದೆ. ಅದು ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ನಿಂತರು. ಅಜ್ಜಿಯ ದೂರು ಕೇಳುತ್ತ ನನಗೆ ಬೈಯಬೇಕೆನಿಸಿತು. ಓಟ ರದ್ದಾಗಿರದಿದ್ದರೆ ಇವರು ಗೆರೆ ದಾಟುತ್ತಿದ್ದರು, ನಿಜ. ಆದರೆ ಇಂಥ ಗಂಡ ನನಗಿದ್ದಾನೆ ಎಂದು ಒಂದು ಇಡೀ ಬಸ್ ಸ್ಟ್ಯಾಂಡಿನ ಮುಂದೆ ಅಜ್ಜಿಯೊಬ್ಬಳು ಕೂಗಿ ಹೇಳುತ್ತಿರಲಿಲ್ಲ. ಹೆಮ್ಮೆಯಿಂದ ನನ್ನ ಕುತ್ತಿಗೆ ನೆಟ್ಟಗಾಯಿತು.

ಕೊನೆಗೆ ತಿರುವಿನಲ್ಲಿ ನೀಲಿ ಚಡ್ಡಿ ಕಂಡಿತು. ಓಟ ಎನ್ನಲಾಗದು. ಒಂದು ಕಾಲು ಓಡುತ್ತಿತ್ತು, ಇನ್ನೊಂದು ಹಿಂದೆ ಎಳೆದುಕೊಂಡು ಬರುತ್ತಿತ್ತು. ಪಕ್ಕದಲ್ಲಿ ಸೀಟಿ ಮಾಮ ಸೈಕಲ್ಲು ತಳ್ಳಿಕೊಂಡು, ಕಣ್ಣು ಒರೆಸಿಕೊಳ್ಳುತ್ತ ಬರುತ್ತಿದ್ದರು. ನಾನು ಅಳಿಸಿಹೋದ ಗೆರೆಯ ಹತ್ತಿರ ನಿಂತು ಕೈ ಚಾಚಿದೆ. ಇವರ ಕಣ್ಣು ಎಲ್ಲೋ ಇತ್ತು. ನನ್ನ ಪಕ್ಕದಿಂದ ಸರಿದು ಅಂಗಳದೊಳಗೆ ಬಂದರು. ಬಂದವರು ನಿಲ್ಲಲಿಲ್ಲ. ಬಸ್ಸು ತಿರುಗುವ ಹಾಗೆಯೇ ಅಂಗಳದ ಅಂಚು ಹಿಡಿದು ಸುತ್ತು ಹೊಡೆಯತೊಡಗಿದರು. ಮುಖ ಆಗಲೇ ಡಿಪೋದ ಕಡೆಗೆ ಹೊರಳಿತ್ತು. ಆ ಕಾಲುಗಳಿಗೆ ಇಲ್ಲಿ ಬಂದರೆ ವಾಪಸು ಹೋಗುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

"ನಿಲ್ಲಿ," ಎಂದು ಕೂಗಿದೆ. ಕೇಳಲಿಲ್ಲ. ಮಗಳು ಕೂಗಿದಳು. ಕೇಳಲಿಲ್ಲ. ಸೀಟಿ ಮಾಮನ ಕಡೆ ತಿರುಗಿದೆ. ಅವರು ಸೀಟಿ ಬಾಯಿಗಿಟ್ಟುಕೊಂಡಿದ್ದರು, ಆದರೆ ಅಳು ಮತ್ತು ಏದುಸಿರು ಸೇರಿ ಬರೀ ಗಾಳಿ ಬರುತ್ತಿತ್ತು. ನಾನು ಅವರ ಬಾಯಿಂದಲೇ ಸೀಟಿ ಕಿತ್ತುಕೊಂಡೆ. ದಾರ ಇನ್ನೂ ಅವರ ಕೊರಳಲ್ಲಿತ್ತು, ಅವರೂ ನನ್ನ ಕಡೆ ಬಗ್ಗಬೇಕಾಯಿತು. ನಾನು ಹುಟ್ಟಿದಾಗಿನಿಂದ ಸೀಟಿ ಊದಿದವಳಲ್ಲ. ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಊದಿದೆ.

ಒಂದು ಸೀಟಿ.

ಅವರ ಬಲಗಾಲು ಬ್ರೇಕು ಒತ್ತಿದಂತೆ ನೆಲ ಒತ್ತಿ ನಿಂತಿತು. ಇಡೀ ಮೈ ನಿಂತಿತು. ಅವರು ಬೆನ್ನು ತಿರುಗಿಸಿಕೊಂಡು ಹಾಗೆಯೇ ನಿಂತು, ಕಿವಿಗೊಟ್ಟು ಕಾದರು. ಏನಕ್ಕೆ ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ಅವರ ಬದುಕಿನಲ್ಲಿ ಒಂದು ಸೀಟಿ ಆದ ಮೇಲೆ ಎರಡು ಸೀಟಿ ಬರದೆ ಇದ್ದದ್ದಿಲ್ಲ.

ನಾನು ಸೀಟಿಯನ್ನು ಕೈಬಿಟ್ಟೆ. ಹೋಗಿ ಅವರ ಭುಜ ಹಿಡಿದುಕೊಂಡೆ. ಅಂಗಿ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು, ನಂಬರಿನ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

"ಸಾಕು," ಎಂದೆ. "ಲಾಸ್ಟ್ ಸ್ಟಾಪ್. ಇಳೀರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಅಲ್ಲಿಲ್ಲದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುವವರಂತೆ ಮೆಲ್ಲಗೆ ಹೆಜ್ಜೆಯಿಟ್ಟು, ಬೆಂಚಿನ ಮೇಲೆ ಬಂದು ಕೂತರು.